ರೂಟ್ ಮಾಡಿದ ಫೋನು, ಕಂಬದ ಮೇಲಿದ್ದ ಮನುಷ್ಯ

ಕಂಬದ ಬುಡದಲ್ಲಿ ಬೆಲ್ಟ್ ಕಟ್ಟಿಕೊಂಡು ನಿಂತಿದ್ದ ಹಿರಿಯ ಪವರ್‌ಮ್ಯಾನ್ ಮೇಲೆ ಹತ್ತದೆ ಫೋನನ್ನೇ ದಿಟ್ಟಿಸುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಪರದೆಯ ತುಂಬ ಲೂಡೊ ಆಟದ ಜಾಹೀರಾತು. ಮೂಲೆಯಲ್ಲಿ ಐದು, ನಾಲ್ಕು, ಮೂರು ಎಂದು ಅಂಕಿ ಇಳಿಯುತ್ತಿತ್ತು. ಸಬ್‌ಸ್ಟೇಷನ್ನಿನಿಂದ ಬಂದ ಎಲ್‌ಸಿ ಕೋಡ್ ಅದರ ಹಿಂದೆ ಎಲ್ಲೋ ಸಿಕ್ಕಿಕೊಂಡಿತ್ತು.

"ಇದು ಮುಗಿಯೋ ತನಕ ಕಾಯ್ಬೇಕು ಮೇಡಂ. ನಡುವೆ ಮುಟ್ಟಿದ್ರೆ ಇನ್ನೊಂದು ಆಟ ಶುರುವಾಗ್ತದೆ" ಎಂದರು ಅವರು, ಬಸ್ಸಿಗೆ ಕಾಯುವವರ ಹಾಗೆ.

ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಹನ್ನೊಂದು ಸಾವಿರ ವೋಲ್ಟಿನ ತಂತಿ ಮುಟ್ಟುವ ಮೊದಲು ಪವರ್‌ಮ್ಯಾನ್ ತನ್ನ ಫೋನಿನಲ್ಲಿರುವ ಇಲಾಖೆಯ ಆ್ಯಪ್‌ನಿಂದ ಅದನ್ನು ಕೇಳಬೇಕು. ಸಬ್‌ಸ್ಟೇಷನ್ನಿನ ಆಪರೇಟರ್ ಬ್ರೇಕರ್ ತೆಗೆದು, ಕರೆಂಟು ನಿಲ್ಲಿಸಿ, ಕೋಡ್ ಕಳಿಸಬೇಕು. ಕೆಲಸ ಮುಗಿದು ಆಳು ಕೆಳಗಿಳಿದ ಮೇಲೆ ಅದೇ ಫೋನಿನಿಂದ ಎಲ್‌ಸಿ ವಾಪಸ್ ಮಾಡಬೇಕು. ಆಮೇಲೆಯೇ ತಂತಿಗೆ ಮತ್ತೆ ಕರೆಂಟು. ನಾನು ಹೊಸನಗರ ತಾಲ್ಲೂಕಿನ ಒಂದು ಸೆಕ್ಷನ್ನಿನಲ್ಲಿ ಜೂನಿಯರ್ ಎಂಜಿನಿಯರ್. ನನ್ನ ಹನ್ನೊಂದು ಜನ ಪವರ್‌ಮ್ಯಾನ್‌ಗಳ ಜೀವ ಆ ಫೋನುಗಳ ಮೇಲೆ ನಿಂತಿತ್ತು. ಆ ಫೋನುಗಳ ತುಂಬ ಲೂಡೊ.

ಅದೇ ಮಧ್ಯಾಹ್ನ ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆದೆ. ಹಿರಿಯರ ಫೋನನ್ನು ಜಾಲಾಡಿ ನೋಡಿದರೆ ಯಾರೂ ಕೇಳದ ಮೂರು ಆಟ, ಎರಡು ಆನ್‌ಲೈನ್ ಅಂಗಡಿ, ಎರಡನೇ ಬ್ರೌಸರ್, ಕಿರುವಿಡಿಯೊ, ಸುದ್ದಿ, ಜೊತೆಗೆ ಫೋನನ್ನು ಸ್ವಚ್ಛ ಮಾಡುತ್ತೇನೆಂದು ಹೇಳಿಕೊಂಡು ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನುವ ಒಂದು ಕ್ಲೀನರ್. ಎಲ್ಲವೂ ಕಾರ್ಖಾನೆಯಿಂದಲೇ ಕೂತು ಬಂದವು. ತೆಗೆಯಲು ಒತ್ತಿದರೆ ತೆಗೆಯುವ ಆಯ್ಕೆಯೇ ಇಲ್ಲ.

ಆದರೆ ದಾರಿ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್‌ಗೆ ಅನುಮತಿ ಕೊಟ್ಟು ಕೇಬಲ್ ಸಿಕ್ಕಿಸಿದರೆ, ಲ್ಯಾಪ್‌ಟಾಪಿನ ಕಪ್ಪು ಪರದೆಯಿಂದ ಒಂದೊಂದು ಸಾಲಿನ ಆಜ್ಞೆ ಕೊಟ್ಟು ಇವುಗಳನ್ನು ಇಳಿಸಬಹುದು. ಪಟ್ಟಿ ಕೇಳಿದೆ. ಹೆಸರುಗಳು ಪುಟಗಟ್ಟಲೆ ಓಡಿದವು. ಯಾವುದು ಕಸ, ಯಾವುದು ಮನೆಯ ಕಂಬ ಎಂದು ಹೆಸರು ನೋಡಿ ಹೇಳುವಂತಿರಲಿಲ್ಲ. ಕ್ಲೀನರ್ ಹೋಯಿತು. ಲೂಡೊ ಹೋಯಿತು. ಪ್ರತಿ ಸಲ 'ಸಕ್ಸೆಸ್' ಎಂಬ ಪದ ಮೂಡಿದಾಗ ಕೈ ಚುರುಕಾಗುತ್ತ ಹೋಯಿತು. ಹದಿನೈದನೆಯದೋ ಹದಿನಾರನೆಯದೋ ವಾಲ್‌ಪೇಪರ್ ಅಂಗಡಿಯ ಹಾಗೆ ಕಂಡದ್ದನ್ನು ತೆಗೆದು ಫೋನು ಆರಿಸಿ ಹಚ್ಚಿದೆ. ಕಂಪನಿಯ ಚಿಹ್ನೆ ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು.

"ಎಂತ ಮೇಡಂ, ವೋಲ್ಟೇಜ್ ಇಲ್ವಾ?" ಎಂದರು ಹಿರಿಯರು, ಬಾಗಿಲಿಗೆ ಒರಗಿ.

ಫ್ಯಾಕ್ಟರಿ ರೀಸೆಟ್ ಮಾಡದೆ ಅದು ಏಳಲಿಲ್ಲ. ಅವರ ಮೊಮ್ಮಗಳ ಫೋಟೊಗಳೆಲ್ಲ ಹೋದವು. ಮರುದಿನ ಹೊಸದಾಗಿ ಒಂದು ಫೋಟೊ ತೆಗೆದುಕೊಂಡು ಬಂದು, "ಇನ್ನು ತೆಗೀರಿ. ಇದೊಂದೇ ಇರೋದು, ನೋಡ್ಕೊಂಡು" ಎಂದರು.

ಅಲ್ಲಿಂದ ಮುಂದೆ ಲೈನಿನ ಕೆಲಸದ ಪದ್ಧತಿಯನ್ನೇ ಫೋನಿಗೂ ತಂದೆ. ಮೊದಲು ನಿಷ್ಕ್ರಿಯ ಮಾಡುವುದು. ಒಂದು ದಿನ ಬಳಸಿ ನೋಡುವುದು. ಎಲ್ಲ ನೆಟ್ಟಗಿದ್ದರೆ ಮಾತ್ರ ತೆಗೆಯುವುದು. ಒಂದೊಂದರ ಹೆಸರನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಇದರಲ್ಲಿ ನೆಮ್ಮದಿಯ ಸಂಗತಿ ಒಂದಿತ್ತು. ಹೀಗೆ ತೆಗೆದದ್ದು ಪೂರ್ತಿ ತೆಗೆದದ್ದಲ್ಲ. ಬಳಸುವವರ ಕಣ್ಣಿಂದ ಮರೆಯಾಗುತ್ತದೆ ಅಷ್ಟೆ, ಫೋನಿನ ಬೀಗ ಹಾಕಿದ ಕೋಣೆಯಲ್ಲಿ ಅದರ ಮೂಲ ಹಾಗೇ ಇರುತ್ತದೆ. ತಪ್ಪಾದರೆ, ಫೋನು ಏಳುತ್ತಿರುವ ತನಕ, ಒಂದು ಸಾಲಿನ ಆಜ್ಞೆಯಿಂದ ಮರಳಿ ತರಬಹುದು.

ಎರಡು ವಾರದೊಳಗೆ ಹತ್ತು ಫೋನು ಮುಗಿಸಿದೆ. ಆ ದಿನಗಳ ಹುರುಪನ್ನು ಈಗ ನೆನೆದರೂ ಬೆರಳ ತುದಿಗೆ ಬರುತ್ತದೆ. ಎಲ್‌ಸಿ ಆ್ಯಪ್ ಮುಟ್ಟಿದ ಕೂಡಲೇ ತೆರೆಯುತ್ತಿತ್ತು, ಕೋಡ್ ಬಂದದ್ದು ಬಂದ ಹಾಗೇ ಕಾಣುತ್ತಿತ್ತು. "ಫೋನ್ ಎಷ್ಟು ಹಗುರ ಆಗಿದೆ ಅಂದ್ರೆ ಮೇಡಂ, ಜೇಬಲ್ಲಿದೆಯೋ ಇಲ್ವೋ ಅಂತ ಮುಟ್ಟಿ ನೋಡ್ಕೋಬೇಕು" ಎಂದು ಹಿರಿಯರು ಎಲ್ಲರೆದುರು ಹೇಳಿದಾಗ, ಟ್ರಾನ್ಸ್‌ಫಾರ್ಮರ್ ಕೂರಿಸಿದಾಗಲೂ ಸಿಗದ ಖುಷಿ ಸಿಕ್ಕಿತು.

ಹನ್ನೊಂದನೆಯದು ಕಿರಿಯ ಪವರ್‌ಮ್ಯಾನ್‌ದು. ಮೂವತ್ತರ ಆಸುಪಾಸಿನ ಮನುಷ್ಯ, ಮಾತುಗಾರ. ಇಲಾಖೆಯ ಫೋನು ಕಂಬದ ಮೇಲಿಂದ ಬಿದ್ದು ಒಡೆದಿದ್ದರಿಂದ ಸ್ವಂತದ ಫೋನಿನಲ್ಲೇ ಆ್ಯಪ್ ಹಾಕಿಕೊಂಡಿದ್ದರು. ಅದು ಬೇರೆ ಕಂಪನಿಯದು. ಅದರಲ್ಲಿ ಕರೆ ಮಾಡುವ ಡಯಲರ್‌ನೊಳಗೇ ಜಾಹೀರಾತು ಬೆಸೆದಿತ್ತು. ಪ್ರತಿ ಕರೆ ಮುಗಿದ ಮೇಲೂ ಅದೇ ಲೂಡೊ. ನನ್ನ ಆಜ್ಞೆಗೆ ಅದು ಜಗ್ಗಲಿಲ್ಲ.

"ಬೇರೆ ದಾರಿ ಇಲ್ವಾ ಮೇಡಂ? ಆ ಜಾಹೀರಾತಿನ ಹಾಡು ನನ್ನ ಮಗಳಿಗೆ ಬಾಯಿಪಾಠ ಆಗಿದೆ. ಅಂಗನವಾಡಿಲಿ ಅದನ್ನೇ ಹಾಡಿ ಬಂದಿದಾಳೆ."

ಬೇರೆ ದಾರಿ ಎಂದರೆ ರೂಟ್ ಮಾಡುವುದು. ಫೋನು ಕೊಂಡವರಿಗೆ ಕಂಪನಿ ಕೊಡದೆ ತನ್ನಲ್ಲೇ ಇಟ್ಟುಕೊಂಡ ಕೀಲಿಯನ್ನು ನಾವೇ ಮಾಡಿಕೊಳ್ಳುವುದು. ಸಾಗರದಲ್ಲಿ ನನ್ನ ಕಾಲೇಜಿನ ಸಹಪಾಠಿಯೊಬ್ಬನದು ಮೊಬೈಲ್ ರಿಪೇರಿ ಅಂಗಡಿ. ಫೋನ್ ಮಾಡಿ ಕೇಳಿದೆ.

"ಬೀಗ ಒಡೆಯೋದು ಕಷ್ಟ ಅಲ್ಲ" ಎಂದ. "ಆಮೇಲೆ ಆ ಮನೆ ಕಾಯೋದು ನೀನೇ. ಕಂಪನಿ ಅಪ್‌ಡೇಟ್ ನೆಟ್ಟಗೆ ಬರಲ್ಲ. ವಾರಂಟಿ ಹೋಯ್ತು ಅಂತ್ಲೇ ಲೆಕ್ಕ. ಬ್ಯಾಂಕಿನ ಆ್ಯಪ್ ಒಳಗೇ ಬಿಡಲ್ಲ. ಯಾವ್ದಾದ್ರೂ ಕೆಟ್ಟ ಆ್ಯಪ್ ನುಗ್ಗಿದ್ರೆ ಅದಕ್ಕೂ ಪೂರ್ತಿ ಮನೆ ಬಿಟ್ಟುಕೊಟ್ಟ ಹಾಗೆ. ಬೇಕಾ ನಿಂಗೆ?"

ಬೇಕಿತ್ತು. ಹತ್ತು ಫೋನು ಗೆದ್ದವಳಿಗೆ ಹನ್ನೊಂದನೆಯದು ಸೋಲಬಾರದಿತ್ತು. ಬ್ಯಾಂಕಿನ ಆ್ಯಪ್ ಬಿಡದಿದ್ದರೆ ಇಲಾಖೆಯ ಆ್ಯಪ್ ಬಿಡುತ್ತದೆಯೇ ಎಂಬ ಪ್ರಶ್ನೆ ನನಗೆ ಬಂದಿತ್ತು. ಹೇಗಾದರೂ ಮರೆಮಾಡಬಹುದು ಎಂದು ಅದನ್ನು ಪಕ್ಕಕ್ಕಿಟ್ಟೆ.

ಫೋನನ್ನು ಏಳಿಸುವ ತಂತ್ರಾಂಶ, ಅಂದರೆ ಬೂಟ್‌ಲೋಡರ್, ಅದರ ಬೀಗ ಬಿಚ್ಚಲು ಕಂಪನಿ ಒಂದು ವಾರ ಕಾಯಿಸಿತು. ಭಾನುವಾರ ಬೆಳಗ್ಗೆ ನಾನು, ಕಿರಿಯ ಪವರ್‌ಮ್ಯಾನ್ ಇಬ್ಬರೂ ಸಾಗರದ ಅಂಗಡಿಯಲ್ಲಿ ಕೂತೆವು. ಬೀಗ ಬಿಚ್ಚಿದ ಕೂಡಲೇ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಯಿತು. ಈ ಸಲ ಮೊದಲೇ ತೆಗೆದಿಟ್ಟಿದ್ದೆವು. ಫೋನು ಏಳುವಾಗ ಮೊದಲು ಓದುವ ಕಡತವನ್ನು ತಿದ್ದಿ, ತಿದ್ದಿದ್ದನ್ನು ಒಳಗೆ ಬರೆದೆವು. ಆರಿ ಹತ್ತಿತು. 'ಈ ಫೋನಿನ ಸುರಕ್ಷತೆಯನ್ನು ನಂಬಲಾಗದು' ಎಂಬರ್ಥದ ಎಚ್ಚರಿಕೆ ಬಂತು. ಇನ್ನು ಪ್ರತಿ ಸಲ ಹಚ್ಚಿದಾಗಲೂ ಅದು ಬರುತ್ತದೆ ಎಂದ ಸಹಪಾಠಿ. ಕಪ್ಪು ಪರದೆಯಲ್ಲಿ ಸಾಲಿನ ಕೊನೆಯ ಡಾಲರ್ ಚಿಹ್ನೆ ಹೋಗಿ ಹ್ಯಾಷ್ ಚಿಹ್ನೆ ಬಂತು. ಯಜಮಾನಿಕೆ ಸಿಕ್ಕಿತು ಎಂಬುದರ ಗುರುತು ಅದು. ನಾನು ಎದ್ದು ನಿಂತುಬಿಟ್ಟೆ.

ಹಳೆಯ ಡಯಲರನ್ನು ಬುಡಸಮೇತ ಕಿತ್ತು, ಜಾಹೀರಾತಿಲ್ಲದ ಒಂದು ಚೊಕ್ಕ ಡಯಲರ್ ಹಾಕಿದೆ. ಅದರ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ನೋಡುತ್ತ ಹೋದೆ. 'ಕರೆ ತುಂಡಾದರೆ ತಾನಾಗಿ ಮತ್ತೆ ಪ್ರಯತ್ನಿಸು' ಎಂಬುದೊಂದಿತ್ತು. ನಮ್ಮ ಸೆಕ್ಷನ್ನಿನ ಹುಲಿಕಲ್ ಕಡೆ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಒಳ್ಳೆಯದಾಯಿತು ಎಂದು ಅದನ್ನು ನಾನೇ ಹಚ್ಚಿದೆ. ಕಿರಿಯರಿಗೆ ಹೇಳಿದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಸೋಮವಾರ ಇಲಾಖೆಯ ಆ್ಯಪ್ ಒಳಗೆ ಬಿಡಲಿಲ್ಲ. ರೂಟ್ ಆದದ್ದನ್ನು ಮರೆಮಾಚುವ ಉಪಾಯವೊಂದನ್ನು ಹುಡುಕಿ ಹಾಕಿದೆ. ತೆರೆಯಿತು. ನಾಲ್ಕು ದಿನ ನಡೆಯಿತು. ಐದನೇ ದಿನ ಆ್ಯಪ್‌ಗೆ ಅಪ್‌ಡೇಟ್ ಬಂತು, ಮತ್ತೆ ಮುಚ್ಚಿತು. ಸಂಜೆ ಕೂತು ಸರಿಮಾಡುತ್ತೇನೆ ಎಂದೆ. ಆ ಸಂಜೆ ಆಗಲಿಲ್ಲ, ಮರುದಿನವೂ ಆಗಲಿಲ್ಲ.

"ನೀವು ನಿಧಾನಕ್ಕೆ ನೋಡಿ ಮೇಡಂ" ಎಂದರು ಹಿರಿಯರು. "ಅಲ್ಲಿವರೆಗೆ ನನ್ನ ಎಲ್‌ಸಿಲೇ ಇಬ್ರೂ ಕೆಲ್ಸ ಮಾಡ್ಕೊಳ್ತೀವಿ. ಆ್ಯಪ್ ಬರೋಕೆ ಮುಂಚೆ ಹಂಗೇ ಅಲ್ವಾ ಮಾಡ್ತಿದ್ದದ್ದು. ಹತ್ತುವಾಗ ಒಂದು ಮಿಸ್ಡ್ ಕಾಲ್, ಇಳಿದ ಮೇಲೆ ಎರಡು."

ಇದು ಈ ಕಡೆಯ ಹಳೆಯ ಪದ್ಧತಿ. ಮಾತು ಕೇಳುವಷ್ಟು ಸಿಗ್ನಲ್ ಇರುವುದಿಲ್ಲ, ರಿಂಗ್ ಆಗುವಷ್ಟು ಇರುತ್ತದೆ. ಒಂದು ರಿಂಗ್ ಎಂದರೆ ಮೇಲಿದ್ದೇನೆ. ಎರಡು ಎಂದರೆ ಕೆಳಗಿದ್ದೇನೆ. ನಿಯಮ ಹಾಗಿಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ ಎಲ್‌ಸಿ ಇರಬೇಕು ಎಂದು ನನಗೆ ಗೊತ್ತಿತ್ತು. ಆದರೆ ಆ್ಯಪ್ ಮುಚ್ಚಿಸಿದವಳು ನಾನು. ಸರಿ, ಎರಡು ದಿನದ ಮಟ್ಟಿಗೆ, ಎಂದೆ.

ಆ ಎರಡನೇ ದಿನವೇ ಅದು ನಡೆದದ್ದು. ಹಿಂದಿನ ದಿನದ ಗಾಳಿಗೆ ಒಂದೇ ಫೀಡರಿನಲ್ಲಿ, ಅಂದರೆ ಸಬ್‌ಸ್ಟೇಷನ್ನಿನಿಂದ ಹೊರಡುವ ಒಂದೇ ಲೈನಿನಲ್ಲಿ, ಎರಡು ಕಡೆ ಕೆಟ್ಟಿತ್ತು. ಒಂದು ಕಡೆ ಹಿರಿಯರು ಹೋದರು. ಇನ್ನೊಂದು ಹುಲಿಕಲ್ ರಸ್ತೆಯ ತಿರುವಿನಲ್ಲಿ, ಮರದ ಕೊಂಬೆ ಬಡಿದು, ಕಂಬದ ಎರಡು ಕಡೆಯ ತಂತಿಗಳನ್ನು ಜೋಡಿಸುವ ಜಂಪರ್ ತುಂಡಾಗಿತ್ತು. ಅಲ್ಲಿಗೆ ನಾನೂ ಕಿರಿಯರೂ ಹೋದೆವು. ಹನ್ನೊಂದರ ಸುಮಾರಿಗೆ, ಇನ್ನೂ ರಸ್ತೆಯ ಏರಿನ ಮೇಲಿದ್ದಾಗ, ಹಿರಿಯರ ಕರೆ ಬಂತು. ಎಲ್‌ಸಿ ಸಿಕ್ಕಿದೆ, ಹತ್ತಬಹುದು ಎಂದರು.

ಕಿರಿಯರು ತಂತಿಯಲ್ಲಿ ಕರೆಂಟಿಲ್ಲ ಎಂದು ನೋಡಿಕೊಂಡು, ಸರಪಳಿಯ ಒಂದು ತುದಿಯನ್ನು ನೆಲದೊಳಗೆ ಹೊಡೆದ ಕಬ್ಬಿಣಕ್ಕೆ ಬಿಗಿದು, ಇನ್ನೊಂದು ತುದಿಯ ಕೊಕ್ಕೆಗಳನ್ನು ಉದ್ದನೆಯ ಕೋಲಿನಿಂದ ಮೂರೂ ತಂತಿಗೆ ಸಿಕ್ಕಿಸತೊಡಗಿದರು. ಇದನ್ನು ಅರ್ಥ್ ಹಾಕುವುದು ಎನ್ನುತ್ತಾರೆ. ಬೇಡದ ಕರೆಂಟು ಬಂದರೆ ಮನುಷ್ಯನನ್ನು ಬಿಟ್ಟು ನೆಲಕ್ಕೆ ಹೋಗಲಿ ಎಂದು. ನಾನು ಗಡಿಯಾರ ನೋಡಿಕೊಂಡದ್ದು ಅವರಿಗೆ ಕಂಡಿತು.

"ಇದು ಹಾಕದೆ ಹತ್ತಿದ್ರೆ ಅಣ್ಣ ಬುತ್ತಿ ಬಿಚ್ಚುವಾಗ ಪಕ್ಕದಲ್ಲಿ ಕೂರ್ಸಲ್ಲ ಮೇಡಂ. ಒಬ್ನೇ ದೂರ ಕೂತು ತಿನ್ಬೇಕು. ಒಂದು ಸಲ ಕೂತಿದ್ದೆ, ಸಾಕಾಗಿದೆ" ಎಂದು ನಕ್ಕರು. ಅಣ್ಣ ಎಂದರೆ ಹಿರಿಯರು. ಫೋನು ತೆಗೆದು ಅವರಿಗೆ ರಿಂಗ್ ಕೊಟ್ಟರು. ಕಿವಿಗೆ ಹಿಡಿದು, ಒಂದು ಸಲ ರಿಂಗಾದದ್ದು ಕೇಳಿ, ಫೋನನ್ನು ಜೇಬಿಗೆ ಹಾಕಿ ಗ್ಲೌಸ್ ತೊಟ್ಟರು. ಹತ್ತಿದರು.

ಎಷ್ಟು ಹೊತ್ತಾಗಿತ್ತೋ, ಹತ್ತು ನಿಮಿಷವಿರಬಹುದು. ಅವರು ಮೇಲಿಂದ ಜಂಪರಿನ ತುಂಡು ಕೆಳಗೆ ಹಾಕಿ, "ಸರೀರಿ ಮೇಡಂ" ಎಂದರು. ನಾನು ಎರಡು ಹೆಜ್ಜೆ ಸರಿದೆ.

ಸದ್ದು ಮೊದಲೋ ಬೆಳಕು ಮೊದಲೋ ಗೊತ್ತಿಲ್ಲ. ಕೊಕ್ಕೆ ಸಿಕ್ಕಿಸಿದ್ದ ಕಡೆ ನೀಲಿ ಬಿಳಿ ಬೆಳಕು ಸಿಡಿಯಿತು. ಬಂಡೆ ಒಡೆದಂಥ ಸದ್ದು. ಸರಪಳಿ ಜೀವ ಬಂದ ಹಾಗೆ ನೆಲದಿಂದ ಎದ್ದು ಬಿತ್ತು. ಕಬ್ಬಿಣ ಹೊಡೆದಿದ್ದ ಜಾಗದಲ್ಲಿ ಮಣ್ಣು ಹೊಗೆಯಾಡಿತು. ಆಮೇಲೆ ಏನೂ ಇಲ್ಲ. ಹಕ್ಕಿಯ ಸದ್ದೂ ಇಲ್ಲ.

ಅವರು ಬೆಲ್ಟಿನ ಮೇಲೆ ಹಿಂದಕ್ಕೆ ವಾಲಿ ತೂಗಾಡುತ್ತಿದ್ದರು. ಎರಡೂ ಕೈ ಗಾಳಿಯಲ್ಲಿ. ಅವರೇ ಮೇಲಿಂದ, ತೀರ ಸಣ್ಣ ದನಿಯಲ್ಲಿ, "ಇದೀನಿ ಮೇಡಂ" ಎಂದರು. "ಕಾಲು ಹಿಡ್ಕೊಂಡಿದೆ. ಇಳಿಯಕ್ಕೆ ಆಗ್ತಿಲ್ಲ."

ಆಗ ನನಗೆ ನಿಜವಾದ ಭಯ ಹತ್ತಿತು. ಲೈನಿಗೆ ಕರೆಂಟು ಬಂದು, ನೆಲಕ್ಕೆ ಇಳಿದು, ಬ್ರೇಕರ್ ಟ್ರಿಪ್ ಆಗಿದೆ. ಕೊಂಬೆ ಗಿಂಬೆ ತಾಗಿರಬಹುದು ಎಂದುಕೊಂಡು ಆಪರೇಟರ್ ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಿ ನೋಡುತ್ತಾನೆ. ದಿನವೂ ನಡೆಯುವುದೇ ಅದು. ಮೇಲಿನ ಕೊಕ್ಕೆಗಳಲ್ಲಿ ಒಂದು ಸಿಡಿತಕ್ಕೆ ಕಳಚಿ ಜೋತಾಡುತ್ತಿತ್ತು. ಇನ್ನೊಮ್ಮೆ ಕರೆಂಟು ಬಂದರೆ ಆ ತಂತಿಗೆ ನೆಲದ ದಾರಿ ಇಲ್ಲ. ದಾರಿ ಎಂದರೆ ಅವರೇ.

ನನ್ನ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ತಿರುವು ತಗ್ಗಿನಲ್ಲಿತ್ತು. ರಸ್ತೆಯ ಏರಿಗೆ ಓಡಿದೆ. ಒಂದು ಚಪ್ಪಲಿ ಎಲ್ಲಿ ಹೋಯಿತೋ ತಿಳಿಯದು. ಓಡುತ್ತಲೇ ಸಬ್‌ಸ್ಟೇಷನ್ನಿನ ನಂಬರ್ ಒತ್ತಿದೆ, ಹೋಗಲಿಲ್ಲ. ಇನ್ನಷ್ಟು ಓಡಿ ಒತ್ತಿದೆ, ಹೋಗಲಿಲ್ಲ. ಏರಿನ ನೆತ್ತಿಯಲ್ಲಿ ಒಂದು ಗೀಟು ಸಿಗ್ನಲ್ ಬಂತು. ರಿಂಗಾಯಿತು.

"ಹಾಕ್ಬೇಡಿ" ಎಂದೆ. ಅದೊಂದೇ ಮಾತು ಬಂದದ್ದು. "ಹಾಕ್ಬೇಡಿ, ಹಾಕ್ಬೇಡಿ, ಆಳು ಮೇಲಿದೆ."

"ಎಲ್‌ಸಿ ರಿಟರ್ನ್ ಆಗಿದೆಯಲ್ಲ ಮೇಡಂ" ಎಂದರು ಆಪರೇಟರ್. "ಟ್ರಿಪ್ ಆಯ್ತು. ಇನ್ನೊಂದ್ಸಲ ಹಾಕೋಣ ಅಂತ ಈಗ ಎದ್ದು ನಿಂತಿದೀನಿ." ಕುರ್ಚಿ ಎಳೆದ ಸದ್ದು ಕೇಳಿಸಿತು. "ಕೂತೆ ಮೇಡಂ. ಕೂತ್ಕೊಂಡೆ. ಬ್ರೇಕರ್‌ಗೆ ಬೀಗ ಹಾಕಿದೆ."

ವಾಪಸ್ ಬಂದಾಗ ಕಿರಿಯರು ಅರ್ಧ ಇಳಿದಿದ್ದರು. ನೆಲ ಮುಟ್ಟಿದ ಮೇಲೆ ಕಂಬವನ್ನು ತಬ್ಬಿಕೊಂಡೇ ಕೂತರು. ಗ್ಲೌಸ್ ತೆಗೆಯಲು ಬೆರಳು ಬರುತ್ತಿರಲಿಲ್ಲ, ನಾನು ಎಳೆದು ತೆಗೆದೆ. ಎಲ್ಲಿಯೂ ಸುಟ್ಟಿರಲಿಲ್ಲ. ಆಪರೇಟರ್‌ನಿಂದ ಸುದ್ದಿ ತಿಳಿದು ಅರ್ಧ ಗಂಟೆಯಲ್ಲಿ ಹಿರಿಯರು ಬೈಕಿನಲ್ಲಿ ಬಂದರು. ಬೈಕಿಗೆ ಸ್ಟ್ಯಾಂಡ್ ಹಾಕಲೂ ಇಲ್ಲ, ಹಾಗೇ ಬೀಳಲು ಬಿಟ್ಟು ಬಂದರು.

"ಎರಡು ಬಂತಲ್ಲ ಮಾರಾಯ. ಎರಡು ಬಂದ ಮೇಲೇ ಅಲ್ವನ ನಾನು ವಾಪಸ್ ಮಾಡಿದ್ದು?"

"ನಾ ಒಂದೇ ಕೊಟ್ಟಿದ್ದಣ್ಣ. ಮೇಡಂ ಎದುರಿಗೇ ಕೊಟ್ಟಿದ್ದು."

"ಒಂದು ಬಂತು. ಹಿಂದೆಯೇ ಇನ್ನೊಂದು ಬಂತು. ಇಷ್ಟು ಬೇಗ ಹೆಂಗೆ ಮುಗೀತು ಅಂತ ನನಗೂ ಅನ್ನಿಸ್ತು. ಮರು ಕರೆ ಮಾಡಿದೆ, ಹೋಗ್ಲಿಲ್ಲ. ಹತ್ತುವಾಗಿನ ರಿಂಗ್ ಸಿಗ್ನಲ್ ಇಲ್ದೆ ಬಂದಿಲ್ಲ, ಸಣ್ಣ ಕೆಲ್ಸ ಇದ್ದಿರಬೇಕು ಅಂದ್ಕೊಂಡು ನಂದು ಮುಗಿಸಿ ಇಳ್ದವನೇ ವಾಪಸ್ ಮಾಡಿಬಿಟ್ಟೆ."

ಇಬ್ಬರೂ ಫೋನು ತೆಗೆದರು. ಹಿರಿಯರದರಲ್ಲಿ ಎರಡು ಮಿಸ್ಡ್ ಕಾಲ್, ಒಂದೇ ನಿಮಿಷದಲ್ಲಿ. ಕಿರಿಯರದರಲ್ಲೂ ಎರಡು ಕರೆ, ಅದೇ ನಿಮಿಷದಲ್ಲಿ. ಎರಡನೆಯದರ ಪಕ್ಕದಲ್ಲಿ ಸುತ್ತಿ ತಿರುಗಿದ ಒಂದು ಸಣ್ಣ ಬಾಣ. ಅವರಿಬ್ಬರಿಗೂ ಅದು ಏನೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೊದಲ ಕರೆಯನ್ನು ಕಿರಿಯರು ಕತ್ತರಿಸುವ ಮೊದಲೇ ಸಿಗ್ನಲ್ ಕತ್ತರಿಸಿತ್ತು. ಕರೆ ತುಂಡಾಯಿತು ಎಂದು ತಿಳಿದ ನನ್ನ ಚೊಕ್ಕ ಡಯಲರ್, ಅವರು ಗ್ಲೌಸ್ ತೊಡುತ್ತಿದ್ದಾಗ ಜೇಬಿನೊಳಗಿಂದಲೇ ಇನ್ನೊಮ್ಮೆ ಪ್ರಯತ್ನಿಸಿತ್ತು.

"ಇದು ನಾನು ಮಾಡಿದ್ದು" ಎಂದೆ. ಬಾಣ ತೋರಿಸಿ, ಸಾಗರದ ಅಂಗಡಿಯಲ್ಲಿ ಹಚ್ಚಿದ ಸೆಟ್ಟಿಂಗಿನ ಸಂಗತಿ ಹೇಳಿದೆ.

ಹಿರಿಯರು ತುಸು ಹೊತ್ತು ಸುಟ್ಟ ಮಣ್ಣನ್ನು ನೋಡಿದರು. "ವಾಪಸ್ ಮಾಡಿದ ಕೈ ನಂದು ಮೇಡಂ. ಫೋನಿಂದಲ್ಲ. ಮುಖ ನೋಡದೆ ಮಾಡ್ದೆ."

ನನ್ನ ಫೋನು ರಿಂಗಾಯಿತು. ಅಲ್ಲಿ ಹೇಗೋ ಆಗ ಸಿಗ್ನಲ್ ಬಂದಿತ್ತು. ಆಪರೇಟರ್. "ಲಾಗ್ ಪುಸ್ತಕ ತೆರೆದು ಕೂತಿದೀನಿ ಮೇಡಂ. ಟ್ರಿಪ್‌ಗೆ ಕಾರಣ ಎಂತ ಬರೀಲಿ?"

ಹಿರಿಯರಿಗೂ ಕೇಳಿಸಿತು. "ಕೊಂಬೆ ತಾಗಿದ್ದು ಅನ್ನಿ" ಎಂದು ಪಿಸುಗುಟ್ಟಿದರು. "ಯಾರಿಗೂ ಎಂತದೂ ಆಗ್ಲಿಲ್ಲ. ನಿಮ್ಮ ಸರ್ವೀಸ್ ಇನ್ನೂ ಎಷ್ಟಿದೆ. ಕೊಂಬೆ ಅನ್ನಿ."

ಕೊಂಬೆ ನಿಜವಾಗಿಯೂ ಅಲ್ಲೇ ಬಿದ್ದಿತ್ತು. ಯಾರೂ ಅನುಮಾನಿಸುತ್ತಿರಲಿಲ್ಲ. ಕಿರಿಯರ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನಾಳೆ ಇನ್ನಾವುದೋ ಸೆಕ್ಷನ್ನಿನಲ್ಲಿ ಇನ್ನಾರೋ ಒಂದು ರಿಂಗ್ ಕೊಟ್ಟು ಹತ್ತುತ್ತಾರೆ ಎನಿಸಿತು.

"ಬರ್ಕೊಳ್ಳಿ" ಎಂದೆ. "ಆಳು ಮೇಲಿದ್ದಾಗ ಎಲ್‌ಸಿ ವಾಪಸ್ ಆಗಿದೆ. ಒಂದೇ ಎಲ್‌ಸಿಯಲ್ಲಿ ಇಬ್ಬರು ಕೆಲಸ ಮಾಡಿದ್ದಾರೆ, ಜೆ.ಇ. ಒಪ್ಪಿಗೆಯ ಮೇಲೆ. ಉಳಿದದ್ದನ್ನು ನಾನು ವರದಿಯಲ್ಲಿ ಬರೀತೀನಿ."

ಬರೆದೆ. ರೂಟ್ ಮಾಡಿದ್ದು, ಮರೆಮಾಚಿದ್ದು, ಡಯಲರಿನ ಸೆಟ್ಟಿಂಗ್, ಎಲ್ಲ. ನನಗೂ ಹಿರಿಯರಿಗೂ ಮೆಮೊ ಬಂತು, ವಿಚಾರಣೆಯಾಯಿತು. ಹಿರಿಯರು ಕೆಲವು ದಿನ ನನ್ನೊಡನೆ ಮಾತಾಡಲಿಲ್ಲ. ವರದಿಯ ಜೊತೆ ಹತ್ತು ಫೋನುಗಳಿಂದ ತೆಗೆದ ತಂತ್ರಾಂಶಗಳ ಪಟ್ಟಿಯನ್ನೂ ಲಗತ್ತಿಸಿದ್ದೆ. ಮುಂದೆ ಕೊಳ್ಳುವ ಫೋನುಗಳಲ್ಲಿ ಇವು ಇರದಂತೆ ಕಂಪನಿಯವರಿಂದಲೇ ಮಾಡಿಸಬೇಕೆಂದು ಕೇಳಿದ್ದೆ. ಅದಕ್ಕೆ ಉತ್ತರ ಬಂದಿಲ್ಲ. ಆ ಹತ್ತು ಫೋನುಗಳು ಇಂದಿಗೂ ಚೆನ್ನಾಗಿವೆ.

ಹನ್ನೊಂದನೆಯದನ್ನು ಅದೇ ವಾರ ಸಾಗರಕ್ಕೆ ಒಯ್ದೆ. ಸಹಪಾಠಿ ಏನೂ ಕೇಳದೆ ಕಂಪನಿಯ ಮೂಲ ತಂತ್ರಾಂಶವನ್ನು ಮತ್ತೆ ತುಂಬಿದ. ಕೊನೆಗೆ ಬೂಟ್‌ಲೋಡರಿನ ಬೀಗ ಹಾಕುವ ಆಜ್ಞೆಯನ್ನು ನಾನೇ ಒತ್ತಿದೆ. ಎಚ್ಚರಿಕೆಯ ಪರದೆ ಹೋಯಿತು. ಲೂಡೊ ಬಂತು. ಕಿರಿಯರಿಗೆ ಫೋನು ಕೊಡುವಾಗ, "ಇಲಾಖೆಯಿಂದ ಹೊಸದು ಬರೋ ತನಕ ಇದೇ. ಜಾಹೀರಾತು ತೆಗೆಯೋಕೆ ಆಗಲ್ಲ" ಎಂದೆ.

"ಬರ್ಲಿ ಬಿಡಿ ಮೇಡಂ" ಎಂದರು. "ಮಗಳು ಹಾಡು ಮರೆತಿದ್ಲು."

ತೀರ್ಥಹಳ್ಳಿಯ ಮನೆಗೆ ಹೋದಾಗ ಅಮ್ಮನ ಫೋನು ಒಂದು ಸಲ ರಿಂಗಾಗಿ ನಿಂತು ಮತ್ತೆ ರಿಂಗಾದರೆ ನನ್ನ ಕೈಯಲ್ಲಿದ್ದ ಲೋಟ ಕೆಳಗಿಡುತ್ತೇನೆ. ಯಾಕೆಂದು ಅವಳಿಗೆ ಇನ್ನೂ ಹೇಳಿಲ್ಲ. ಆ ದಿನದ ಎಲ್ಲಕ್ಕಿಂತ, ಅವರು ಅರ್ಥ್ ಹಾಕುವಾಗ ನಾನು ಗಡಿಯಾರ ನೋಡಿದ ಗಳಿಗೆಯೇ ಹೆಚ್ಚು ಮರಳಿ ಬರುತ್ತದೆ. ಅದನ್ನು ನೋಡಿ ಕಿರಿಯರು ಸರಪಳಿ ಬಿಟ್ಟು ಹತ್ತಿದ್ದಿದ್ದರೆ?

ಹದಿನೈದು ದಿನದ ರಜೆ ಮುಗಿಸಿ ಕಿರಿಯರು ಮೊದಲ ಸಲ ಕಂಬ ಹತ್ತುವ ದಿನ ನಾನೂ ಹೋಗಿದ್ದೆ. ಹಿರಿಯರೂ ಬಂದು ಪಕ್ಕದಲ್ಲಿ ನಿಂತರು. ಕಿರಿಯರು ತಮ್ಮ ಫೋನಿನಿಂದಲೇ ಎಲ್‌ಸಿ ಕೇಳಿ, ಆಪರೇಟರ್‌ಗೆ ಕರೆ ಮಾಡಿ ಮಾತಾಡಿದರು. ಕರೆ ಮುಗಿದದ್ದೇ ಪರದೆಯ ತುಂಬ ಲೂಡೊ ಬಂತು. ಮೂವರೂ ಸುತ್ತ ನಿಂತು ಅದನ್ನೇ ನೋಡಿದೆವು. ಐದು. ನಾಲ್ಕು. ಮೂರು. ಯಾರೂ ಪರದೆ ಮುಟ್ಟಲಿಲ್ಲ. ಕೊನೆಗೆ ಜಾಹೀರಾತು ಸರಿದು ಅದರ ಹಿಂದಿನಿಂದ ಕೋಡ್ ಕಂಡಿತು. ಕಿರಿಯರು ಅದನ್ನು ಗಟ್ಟಿಯಾಗಿ ಓದಿದರು, ಹಿರಿಯರು ಮತ್ತೊಮ್ಮೆ ಓದಿಸಿದರು.

ಆಮೇಲೆ ಹಿರಿಯರು ಬಾಗಿ ಸರಪಳಿ ಎತ್ತಿಕೊಟ್ಟರು.